ಬೆಂಕಿ ಬಿದ್ದರೆ ಮೊದಲು ಎತ್ತಿಕೊಳ್ಳುವುದು ಒಂದು ಕಪ್ಪು ಚೀಟಿ

ನಿಮ್ಮ ಪ್ರಶ್ನೆ ಇದು: ಮನೆಗೆ ಬೆಂಕಿ ಬಿತ್ತು ಅಂತಿಟ್ಟುಕೊಳ್ಳಿ. ಫುಟ್‌ಬಾಲ್ ಸಂಗ್ರಹದಲ್ಲಿ ಒಂದೇ ಒಂದು ವಸ್ತು ಎತ್ತಿಕೊಂಡು ಓಡಬಹುದು. ಯಾವುದನ್ನು ಎತ್ತಿಕೊಳ್ಳುತ್ತೀರಿ? ಜೊತೆಗೆ, ನೀವು ಈಗಷ್ಟೇ ಸಂಗ್ರಹ ಶುರು ಮಾಡಿದ್ದೀರಿ, ಏನಾದರೂ ಹೇಳುವುದಿದ್ದರೆ ಹೇಳಿ ಅಂತಲೂ ಕೇಳಿದ್ದೀರಿ.

ನಾನು ಎತ್ತಿಕೊಳ್ಳುವುದು ಅಂಗೈ ಅಗಲದ ಒಂದು ಚೀಟಿ. ಲ್ಯಾಮಿನೇಷನ್ ಆಗಿದೆ. ಮುಂಭಾಗ ಪೂರ್ತಿ ಕಪ್ಪು, ಒಂದಕ್ಷರ ಕಾಣುವುದಿಲ್ಲ. ನೋಡಿದವರು ಇದೇನು, ಎಕ್ಸ್‌ರೇನಾ ಅಂತ ಕೇಳುತ್ತಾರೆ.

ಅದು ನಾನು ಮೊದಲ ಸಲ ಕ್ರೀಡಾಂಗಣದಲ್ಲಿ ಕೂತು ನೋಡಿದ ಪಂದ್ಯದ ಟಿಕೆಟ್. ಹದಿನಾರು ವರ್ಷ ನನಗೆ. ಪಂದ್ಯ ಮುಗಿದ ಮೇಲೆ ಟಿಕೆಟ್ಟನ್ನು ಪುಸ್ತಕದ ನಡುವೆ ಇಟ್ಟಿದ್ದೆ. ಒಂದೆರಡು ವರ್ಷದಲ್ಲಿ ಅಕ್ಷರ ಮಾಸತೊಡಗಿತು. ಗಾಬರಿಯಾಗಿ ಲ್ಯಾಮಿನೇಷನ್ ಮಾಡಿಸಲು ಅಂಗಡಿಗೆ ಒಯ್ದೆ. ಯಂತ್ರದ ರೋಲರ್ ಈ ಕಡೆಯಿಂದ ಬಿಳಿ ಕಾಗದ ಒಳಗೆ ಎಳೆದುಕೊಂಡಿತು, ಆ ಕಡೆಯಿಂದ ಕಪ್ಪು ಕಾಗದ ಹೊರಗೆ ತಳ್ಳಿತು. ಮೂರ್ನಾಲ್ಕು ಸೆಕೆಂಡ್ ಇರಬೇಕು. ನಾನೂ ಅಂಗಡಿಯವರೂ ಸುಮ್ಮನೆ ಅದನ್ನೇ ನೋಡುತ್ತಾ ನಿಂತೆವು. ಆಮೇಲೆ ಅವರು, "ಬಿಲ್ ಪೇಪರ್ ಅಂತ ಮೊದಲೇ ಹೇಳಬಾರದಾ?" ಅಂದರು. ನನಗೆ ಗೊತ್ತಿದ್ದರೆ ತಾನೇ ಹೇಳಲು!

ಕಾರಣ ಆಮೇಲೆ ತಿಳಿಯಿತು. ಇಂಥ ಟಿಕೆಟ್‌ಗಳು ಥರ್ಮಲ್ ಕಾಗದದ್ದು. ಅದರಲ್ಲಿ ಶಾಯಿಯೇ ಇರುವುದಿಲ್ಲ. ಕಾಗದದ ಮೇಲೊಂದು ಲೇಪ ಇರುತ್ತದೆ, ಪ್ರಿಂಟರ್ ಬಿಸಿ ತಾಗಿಸಿದ ಕಡೆ ಮಾತ್ರ ಅದು ಕಪ್ಪಾಗಿ ಅಕ್ಷರ ಮೂಡುತ್ತದೆ. ಲ್ಯಾಮಿನೇಷನ್ ಅಂದರೆ ಕಾಗದಕ್ಕೆ ಪೂರ್ತಿ ಬಿಸಿ ಕೊಡುವುದು. ಹಾಗಾಗಿ ಪೂರ್ತಿ ಕಾಗದವೇ ಒಂದು ದೊಡ್ಡ ಅಕ್ಷರವಾಯಿತು, ಅಷ್ಟೇ. ಬಿಸಿಲಿಗೆ ಇಟ್ಟರೆ ಉಲ್ಟಾ, ಇದ್ದ ಅಕ್ಷರವೂ ಹೋಗುತ್ತದೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಜೇಬಿನಲ್ಲಿ ಇಟ್ಟರೂ ಹೋಗುತ್ತದೆ, ಪ್ಲಾಸ್ಟಿಕ್ಕನ್ನು ಮೆದು ಮಾಡಲು ಹಾಕಿದ ರಾಸಾಯನಿಕ ಮೆಲ್ಲಗೆ ಲೇಪಕ್ಕೆ ಇಳಿಯುತ್ತದೆ. ಟಿಕೆಟ್ ಕೈಗೆ ಬಂದ ದಿನವೇ ಒಂದು ಒಳ್ಳೆ ಫೋಟೋ ತೆಗೆದಿಡಿ, ಮೂಲವನ್ನು ಕಾಗದದ ಲಕೋಟೆಯಲ್ಲಿ ಹಾಕಿ ಕತ್ತಲಲ್ಲಿ ಇಡಿ.

ಇಷ್ಟಾದರೂ ಅದನ್ನು ಯಾಕೆ ಎತ್ತಿಕೊಳ್ಳುತ್ತೇನೆ ಅಂದರೆ, ಹಿಂಭಾಗ ಬಿಳಿಯಾಗಿಯೇ ಉಳಿದಿದೆ. ಲೇಪ ಇರುವುದು ಒಂದೇ ಬದಿಗೆ. ಹಿಂದೆ ನಾನು ಅವತ್ತು ಬಾಲ್‌ಪೆನ್ನಿನಲ್ಲಿ ಬರೆದದ್ದು ಇದೆ: "0-0. ಮಳೆ. 63ನೇ ನಿಮಿಷ ಕಂಬಕ್ಕೆ ಬಡಿಯಿತು, ಒಳಗೇ ಹೋಗಬೇಕಿತ್ತು." ಗೋಲೇ ಇಲ್ಲದ ಪಂದ್ಯ. ಆ ಕಂಬದ ಠಣ್ ಅನ್ನುವ ಸದ್ದು ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಇದರಿಂದ ನನಗೊಂದು ಚಟ ಹತ್ತಿತು. ಏನೇ ಬರಲಿ, ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವತ್ತು ಅಂತ ಒಂದು ಚೀಟಿ ಬರೆದು ಅದರ ಜೊತೆಗೇ ಇಡುತ್ತೇನೆ. ನಿಮಗೆ ಹೇಳುವ ಮುಖ್ಯ ಮಾತೂ ಇದೇ. ದೊಡ್ಡ ದೊಡ್ಡ ವಸ್ತುಗಳ ಕಥೆಯೂ ಕೊನೆಗೆ ಬಂದು ನಿಲ್ಲುವುದು ಈ ಜಾಡಿನ ಹತ್ತಿರವೇ.

ಮರಡೋನಾ ಜೆರ್ಸಿಯನ್ನೇ ತೆಗೆದುಕೊಳ್ಳಿ. 1986ರ ಜೂನ್ 22, ಮೆಕ್ಸಿಕೋದ ಅಜ್ಟೆಕಾ ಕ್ರೀಡಾಂಗಣ, ವಿಶ್ವಕಪ್ ಕ್ವಾರ್ಟರ್ ಫೈನಲ್, ಅರ್ಜೆಂಟೀನಾ 2, ಇಂಗ್ಲೆಂಡ್ 1. ಕೈಯಲ್ಲಿ ಹೊಡೆದ ಗೋಲೂ ಅಲ್ಲೇ, ಅರ್ಧ ಮೈದಾನದಿಂದ ಒಬ್ಬನೇ ಓಡಿ ಬಂದು ಹಾಕಿದ ಗೋಲೂ ಅಲ್ಲೇ, ಎರಡರ ನಡುವೆ ನಾಲ್ಕು ನಿಮಿಷ. ಅವತ್ತಿನ ನೀಲಿ ಜೆರ್ಸಿ ಅರ್ಜೆಂಟೀನಾ ತಂಡದ ಮಾಮೂಲಿ ಜೆರ್ಸಿ ಆಗಿರಲಿಲ್ಲ. ಇದ್ದ ನೀಲಿ ಜೆರ್ಸಿ ಆ ಬಿಸಿಲಿಗೆ ಭಾರ ಅಂತ, ಮೆಕ್ಸಿಕೋ ಸಿಟಿಯಲ್ಲೇ ತೆಳುವಾದ ಬೇರೆ ಜೆರ್ಸಿ ಕೊಂಡು ತಂದರು. ಅವಸರದಲ್ಲಿ ಲಾಂಛನ ಹೊಲಿದರು, ಅಮೆರಿಕನ್ ಫುಟ್‌ಬಾಲಿಗೆ ಬಳಸುವಂಥ ಹೊಳೆಯುವ ನಂಬರ್‌ಗಳನ್ನು ಇಸ್ತ್ರಿ ಹಾಕಿ ಅಂಟಿಸಿದರು. ಪಂದ್ಯ ಮುಗಿದ ಮೇಲೆ ಮರಡೋನಾ ಜೊತೆ ಜೆರ್ಸಿ ಬದಲಿಸಿಕೊಂಡದ್ದು ಇಂಗ್ಲೆಂಡಿನ ಸ್ಟೀವ್ ಹಾಜ್. ತಮಾಷೆ ಅಂದರೆ, ಆ ಕೈ ಗೋಲಿಗೆ ಮುಂಚೆ ಚೆಂಡು ತಪ್ಪಾಗಿ ಹಿಂದಕ್ಕೆ ಹಾರಿದ್ದು ಇದೇ ಹಾಜ್ ಕಾಲಿನಿಂದ!

2022ರ ಮೇ ತಿಂಗಳಲ್ಲಿ ಆ ಜೆರ್ಸಿ ಸುಮಾರು 71 ಲಕ್ಷ ಪೌಂಡಿಗೆ ಹರಾಜಾಯಿತು. ಹರಾಜಿಗೆ ಮುಂಚೆ ದೊಡ್ಡ ಗಲಾಟೆ. ಇದು ಮೊದಲಾರ್ಧದಲ್ಲಿ ಹಾಕಿದ್ದು, ಗೋಲು ಹೊಡೆದಾಗ ಮೈಮೇಲಿದ್ದದ್ದು ಬೇರೆ ಅಂತ ಮರಡೋನಾ ಮನೆಯವರೇ ಹೇಳಿದರು. ಆಗ ಹರಾಜು ನಡೆಸುವವರು ಅವತ್ತಿನ ಫೋಟೋಗಳನ್ನು ಪಕ್ಕದಲ್ಲಿಟ್ಟು ಲಾಂಛನ, ಪಟ್ಟೆ, ನಂಬರ್ ಕೂತ ರೀತಿಯನ್ನು ಹೋಲಿಸಿ ಇದೇ ಅದು ಅಂದರು. ನೋಡಿ, ಅವಸರದ ಕೈಕೆಲಸ ಆಗಿದ್ದರಿಂದಲೇ ಒಂದಕ್ಕಿಂತ ಇನ್ನೊಂದು ಬೇರೆಯಾಗಿ ಕಂಡಿತು. ಎಲ್ಲವೂ ಅಚ್ಚುಕಟ್ಟಾಗಿ ಒಂದೇ ಥರ ಇದ್ದಿದ್ದರೆ ಕಷ್ಟವಿತ್ತು.

ನಮ್ಮ ಮಟ್ಟಕ್ಕೆ ಬರೋಣ. ಜೆರ್ಸಿ ಕೊಳ್ಳುವಾಗ ಮೂರು ಮಾತು ಕೇಳುತ್ತೀರಿ: ಅಭಿಮಾನಿಗಳಿಗೆ ಮಾಡಿದ್ದು, ಆಟಗಾರನಿಗೆ ಅಂತ ತಯಾರಿಸಿದ್ದು, ಆಟಗಾರ ಪಂದ್ಯದಲ್ಲಿ ಹಾಕಿದ್ದು. ಎರಡನೆಯದನ್ನು ಮೂರನೆಯದು ಅಂತ ದಾಟಿಸುವುದೇ ಈ ವ್ಯಾಪಾರದ ಹಳೇ ಆಟ. ಜೆರ್ಸಿ ತಂಡದ ಪೆಟ್ಟಿಗೆಯಿಂದಲೇ ಬಂದಿರಬಹುದು, ಆದರೆ ಬೆಂಚಿನ ಮೇಲೆ ಮಡಿಸಿಟ್ಟದ್ದೂ ಅಲ್ಲಿಂದಲೇ ಬಂದಿರುತ್ತದೆ ಅಲ್ವಾ? ವಿಶ್ವಕಪ್‌ನಲ್ಲಿ ಹಲವು ತಂಡಗಳು ಎದೆಯ ಮೇಲೆ ಎದುರಾಳಿಯ ಹೆಸರು, ದಿನಾಂಕ ಮುದ್ರಿಸುತ್ತವೆ. ಅದನ್ನು ನೋಡಿ ಮರುಳಾಗಬೇಡಿ, ಬಿಸಿ ಒತ್ತುವ ಯಂತ್ರ ಇದ್ದವರು ಯಾರು ಬೇಕಾದರೂ ಹಾಕಬಹುದು. ಹುಲ್ಲಿನ ಕಲೆ, ಕಿತ್ತ ದಾರ, ಅದಕ್ಕೆ ಹೊಂದುವ ಫೋಟೋ ಇದ್ದರೆ ಮಾತ್ರ ಮುಂದಿನ ಮಾತು. ನನ್ನ ಹತ್ತಿರ ಇರುವ ಒಂಬತ್ತು ಜೆರ್ಸಿಯೂ ಮೊದಲನೇ ಬಗೆಯವು. ನನಗೇನೂ ನಾಚಿಕೆ ಇಲ್ಲ.

ಅದರಲ್ಲಿ ಒಂದು ಹತ್ತನೇ ನಂಬರಿನದು. ನಮ್ಮ ಅಕ್ಕ ಪಾಪ, ಪ್ರೀತಿಯಿಂದ ಅದಕ್ಕೆ ಇಸ್ತ್ರಿ ಹಾಕಿದಳು. ಇಸ್ತ್ರಿ ಪೆಟ್ಟಿಗೆ ಎತ್ತಿದರೆ ಸೊನ್ನೆ ಅದಕ್ಕೇ ಅಂಟಿಕೊಂಡು ಬಂತು. ಹತ್ತನೇ ನಂಬರ್ ಆಟಗಾರ ಒಂದೇ ನಿಮಿಷದಲ್ಲಿ ಒಂದನೇ ನಂಬರಿನ ಗೋಲ್‌ಕೀಪರ್ ಆದ. ಜೆರ್ಸಿಯನ್ನು ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಒಗೆಯಿರಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಬೇಡವೇ ಬೇಡ. ನಂಬರಿನ ಮೇಲೆ ಮಡಿಕೆ ಬರದಂತೆ ಸುತ್ತಿ ಇಡಿ. ನುಸಿಗುಳಿಗೆಯೂ ಬೇಡ. ಶುದ್ಧವಾಗಿರುವ ಪಾಲಿಯೆಸ್ಟರ್ ನುಸಿಗೆ ಊಟವೇ ಅಲ್ಲ, ಗುಳಿಗೆ ಪ್ಲಾಸ್ಟಿಕ್ ನಂಬರನ್ನು ಮೆದು ಮಾಡಿ ಹಾಳುಮಾಡುವುದೇ ಜಾಸ್ತಿ.

ಸಹಿಗಳ ವಿಷಯ ನಾನು ಮಾತಾಡದಿದ್ದರೇ ಒಳ್ಳೆಯದು, ಆದರೂ ಹೇಳಿಬಿಡುತ್ತೇನೆ. ಚಿಕ್ಕಪ್ಪ ಒಂದು ಚೆಂಡು ತಂದುಕೊಟ್ಟಿದ್ದರು, ಮೈತುಂಬಾ ಸಹಿ. ಆರು ವರ್ಷ ಬಂದವರಿಗೆಲ್ಲ ತೋರಿಸಿ ಮೆರೆದೆ. ಒಂದು ದಿನ ಗೆಳೆಯನೊಬ್ಬ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಈ ಸಹಿ ಹೊಲಿಗೆ ದಾಟಿ ಹೋಗಿದೆಯಲ್ಲ, ಪೆನ್ನು ಒಂದು ಚೂರೂ ತಡವರಿಸಿಲ್ಲವಲ್ಲೋ" ಅಂದ. ಕಣ್ಣಿಗೆ ಹತ್ತಿರ ಹಿಡಿದೆ. ಹೌದು. ನಿಜವಾದ ಪೆನ್ನು ಹೊಲಿಗೆಯ ಹಳ್ಳಕ್ಕೆ ಇಳಿದಾಗ ಗೆರೆ ಕಡಿಯುತ್ತದೆ, ಇಲ್ಲವೇ ಶಾಯಿ ಹರಡುತ್ತದೆ. ಭೂತಕನ್ನಡಿ ಹಿಡಿದರೆ ಎಲ್ಲ ಸಹಿಯೂ ಒಂದೇ ದಪ್ಪ, ಒಂದೇ ಕಪ್ಪು. ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದು. ಚಿಕ್ಕಪ್ಪನಿಗೆ ಇವತ್ತಿಗೂ ಹೇಳಿಲ್ಲ. ಅವರು ಬರುವ ದಿನ ಆ ಚೆಂಡು ಮುಂದಿನ ಸಾಲಿಗೆ ಬಂದು ಕೂರುತ್ತದೆ.

ಬೀರು ಬಗ್ಗೆಯೂ ಒಂದು ಮಾತು. ಮೂರನೇ ಸಲ ವಿಶ್ವಕಪ್ ಗೆದ್ದ ಬ್ರೆಜಿಲ್‌ಗೆ 1970ರಲ್ಲಿ ಜೂಲ್ಸ್ ರಿಮೆ ಕಪ್ ಅನ್ನು, ಅಂದರೆ ಆಗಿನ ವಿಶ್ವಕಪ್ ಟ್ರೋಫಿಯನ್ನು, ಕಾಯಂ ಆಗಿ ಕೊಟ್ಟುಬಿಟ್ಟರು. ರಿಯೋದಲ್ಲಿ ಅದನ್ನಿಟ್ಟ ಪೆಟ್ಟಿಗೆಗೆ ಮುಂದೆ ಗುಂಡೂ ತೂರದ ಗಾಜು, ಹಿಂದೆ ಬರೀ ಮರದ ಹಲಗೆ. 1983ರಲ್ಲಿ ಕಳ್ಳರು ಹಿಂದಿನ ಹಲಗೆ ಕಿತ್ತು ಕಪ್ ಹೊತ್ತೊಯ್ದರು, ಮತ್ತೆ ಸಿಗಲೇ ಇಲ್ಲ. ಇದೇ ಕಪ್ 1966ರಲ್ಲಿ ಇಂಗ್ಲೆಂಡಿನಲ್ಲೂ ಕಳುವಾಗಿತ್ತು. ಆಗ ಪಿಕಲ್ಸ್ ಅನ್ನುವ ನಾಯಿ ಬೇಲಿಯ ಬುಡದಲ್ಲಿ ಹುಡುಕಿಕೊಟ್ಟಿತ್ತು. ಪ್ರತಿ ಸಲ ನಾಯಿ ಸಿಗುತ್ತದೆಯೇ? ನಮ್ಮ ಮನೆಯಲ್ಲಿ ಕಳ್ಳರಿಗಿಂತ ಕಾಟ ಜಾಸ್ತಿ ಹೊರಗೋಡೆಯ ತೇವದ್ದು. ಬೀರುವನ್ನು ಒಳಗೋಡೆಗೆ ಸರಿಸಿದ ಮೇಲೆ ಹಳೇ ಪಂದ್ಯಪುಸ್ತಿಕೆಗಳಿಗೆ ಬೂಸ್ಟು ಹಿಡಿಯುವುದು ನಿಂತಿತು.

ಇನ್ನು ಆಲ್ಬಮ್, ಅಂದರೆ ಪ್ಯಾಕೆಟ್ಟಿನಲ್ಲಿ ಬರುವ ಆಟಗಾರರ ಸ್ಟಿಕ್ಕರ್ ಅಂಟಿಸಿ ತುಂಬಿಸುವ ಪುಸ್ತಕ. ಪ್ಯಾಕೆಟ್ ಒಡೆಯುವವರೆಗೂ ಒಳಗೆ ಯಾರಿದ್ದಾರೆ ಅಂತ ಗೊತ್ತಾಗುವುದಿಲ್ಲ. ಇಟಲಿಯ ಪನಿನಿ ಕಂಪನಿ ವಿಶ್ವಕಪ್‌ಗೆ ಸ್ಟಿಕ್ಕರ್ ಆಲ್ಬಮ್ ಮಾಡಲು ಶುರು ಮಾಡಿದ್ದು 1970ರಲ್ಲಿ. ನನ್ನದು 2022ರದು, ಒಟ್ಟು 670 ಸ್ಟಿಕ್ಕರ್. ಬದಲಿಸಿಕೊಳ್ಳದೆ ಬರೀ ಪ್ಯಾಕೆಟ್ ಕೊಂಡೇ ತುಂಬಿಸುತ್ತೇನೆ ಅಂತ ಹೊರಟರೆ ಏನಾಗುತ್ತದೆ ಅಂತ ಒಂದು ಸಂಜೆ ಲೆಕ್ಕ ಹಾಕಿದೆ. ಎಲ್ಲ ಸ್ಟಿಕ್ಕರೂ ಸಮಾನವಾಗಿ ಸಿಗುತ್ತವೆ ಅಂದುಕೊಂಡರೂ ಸರಾಸರಿ ಸುಮಾರು 4,750 ಸ್ಟಿಕ್ಕರ್ ಬೇಕು. ಪ್ಯಾಕೆಟ್ಟಿಗೆ ಐದರಂತೆ 950 ಪ್ಯಾಕೆಟ್! ಕೊನೆಯ ಒಂದೇ ಒಂದು ಸ್ಟಿಕ್ಕರಿಗೇ ಸರಾಸರಿ 134 ಪ್ಯಾಕೆಟ್ ಒಡೆಯಬೇಕು. ಅದಕ್ಕೇ ಈ ಆಟ ಒಬ್ಬರೇ ಆಡುವುದಲ್ಲ. ಡಬಲ್ ಬಂದದ್ದನ್ನು ರಬ್ಬರ್ ಬ್ಯಾಂಡ್ ಹಾಕಿ ಜೇಬಲ್ಲಿಟ್ಟುಕೊಂಡು ಸಿಕ್ಕಸಿಕ್ಕವರ ಹತ್ತಿರ "ಇದೆ, ಇದೆ, ಇಲ್ಲ, ಇದೆ" ಅಂತ ಎಣಿಸಬೇಕು. ನಾನು ಹೀಗೇ 668ಕ್ಕೆ ಬಂದು ನಿಂತಿದ್ದೇನೆ. ಉಳಿದದ್ದನ್ನು ದುಡ್ಡು ಕೊಟ್ಟು ಬಿಡಿಯಾಗಿ ತರಿಸಬಹುದು, ಹಾಗೆ ಮಾಡಲು ಮನಸ್ಸಿಲ್ಲ. ಹಟ ಅನ್ನಿ ಬೇಕಾದರೆ.

ಖಾಲಿ ಇರುವ ಎರಡೂ ಗೋಲ್‌ಕೀಪರ್‌ಗಳ ಜಾಗ. ನಿಮ್ಮ ಹತ್ತಿರ 2022ರ ಡಬಲ್‌ಗಳಿದ್ದರೆ ಕೆಳಗೆ ಬರೆಯಿರಿ, ನನ್ನ ಹತ್ತಿರ ಬದಲಿಗೆ ಕೊಡಲು ಒಂದು ಡಬ್ಬಿ ತುಂಬಾ ಇವೆ.