ಕಡು ನೀಲಿ ಬೋಟು ಮಧ್ಯಾಹ್ನ ಬೆಳ್ಳಗೆ, ರಾತ್ರಿ ಕಪ್ಪಗೆ ಕಾಣುವುದು ಯಾಕೆ?

ನೀವು ಕೇಳಿದ್ದು ಇಷ್ಟು. ಸೆಕೆಂಡ್ ಹ್ಯಾಂಡ್ ಫೈಬರ್ ಬೋಟ್ ತಗೊಂಡಿದ್ದೀರಿ, ಕಡು ನೀಲಿ. ಮಧ್ಯಾಹ್ನ ನೋಡಿದರೆ ಮೈಯೆಲ್ಲ ಬೆಳ್ಳಗೆ ಮಸುಕು. ಸಂಜೆ ಬೂದು. ರಾತ್ರಿ ಧಕ್ಕೆಯ, ಅಂದರೆ ಬೋಟು ಕಟ್ಟುವ ಕಟ್ಟೆಯ, ದೀಪದಡಿ ಕಪ್ಪು. ಒಂದು ಕಡೆ ಹಾಕಿಸಿದ ತೇಪೆ ಅಂಗಡಿಯಲ್ಲಿ ಸರಿಯಾಗಿ ಹೊಂದಿತ್ತು, ನೀರಿಗಿಳಿಸಿದ ಮೇಲೆ ಎದ್ದು ಕಾಣುತ್ತಿದೆ. ಪೇಂಟರ್ ಮಾತ್ರ "ಶೇಡ್ ನಂಬರ್ ಅದೇ" ಅನ್ನುತ್ತಾರೆ. ಮೇಲೊಂದು ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಹೊಡೆಸಿದರೆ ಎಲ್ಲ ಸರಿಹೋಗುತ್ತಾ ಎಂಬುದು ನಿಮ್ಮ ಕೊನೆಯ ಪ್ರಶ್ನೆ.

ನಾನು ಮಲ್ಪೆ ಕಡೆ ಫೈಬರ್ ಬೋಟುಗಳ ರಿಪೇರಿ, ಬಣ್ಣದ ಕೆಲಸ ಮಾಡಿಕೊಂಡಿರುವವನು. ಪೇಂಟರ್ ಸುಳ್ಳು ಹೇಳಿರುವ ಸಾಧ್ಯತೆ ಕಡಿಮೆ. ನಿಮ್ಮ ಕಣ್ಣೂ ತಪ್ಪಿಲ್ಲ. ಶೇಡ್ ನಂಬರ್ ಹೇಳುವುದು ಡಬ್ಬದಲ್ಲಿ ಏನು ಬೆರೆಸಿದ್ದಾರೆ ಎಂಬುದನ್ನು ಮಾತ್ರ. ಬೋಟಿನ ಮೇಲೆ ಕಾಣುವ ಬಣ್ಣವನ್ನು ತೀರ್ಮಾನಿಸುವುದು ತೀರಾ ತೆಳುವಾದ ಮೇಲ್ಪದರ ಮತ್ತು ಅದರ ಮೇಲೆ ಬೀಳುವ ಬೆಳಕು. ಈ ಎರಡನ್ನು ಬೇರೆ ಮಾಡಿ ನೋಡದೆ ಡಬ್ಬ ಕೊಂಡರೆ ದುಡ್ಡು ದಂಡ.

ಮೊದಲು ಮೇಲ್ಪದರದ ಕಥೆ. ಫೈಬರ್ ಬೋಟಿನ ಹೊರಮೈ ಹೆಚ್ಚಾಗಿ ಪೇಂಟ್ ಅಲ್ಲ, ಜೆಲ್‌ಕೋಟ್. ಅಚ್ಚಿನೊಳಗೆ ಮೊದಲು ಬಳಿಯುವುದೇ ಅದನ್ನು. ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್, ದಪ್ಪ ಸುಮಾರು ಅರ್ಧ ಮಿಲಿಮೀಟರ್. ಆಮೇಲೆ ಅದರ ಹಿಂದೆ ಗಾಜಿನ ನಾರಿನ ಮ್ಯಾಟು, ರೆಸಿನ್ನು ಕೂರುತ್ತವೆ. ಅಚ್ಚಿನಿಂದ ತೆಗೆದ ದಿನ ಬೋಟಿನ ಮೈ ಮುಖ ನೋಡಿಕೊಳ್ಳುವಷ್ಟು ನುಣುಪು. ವರ್ಷಗಟ್ಟಲೆ ಬಿಸಿಲು ಹೊಡೆದಾಗ ನೇರಳಾತೀತ ಕಿರಣಗಳು ಮೇಲ್ಭಾಗದ ರೆಸಿನ್ ಅನ್ನು ಒಡೆಯುತ್ತವೆ. ಬಣ್ಣದ ಪುಡಿಯನ್ನು ಹಿಡಿದಿಟ್ಟ ರೆಸಿನ್ ಹೋದರೆ ಪುಡಿ ಸಡಿಲವಾಗುತ್ತದೆ. ಬೋಟಿನ ಮೈಗೆ ಅಂಗೈ ಒತ್ತಿ ಒರೆಸಿ ನೋಡಿ, ತೆಳು ನೀಲಿ ಪುಡಿ ಕೈಗೆ ಅಂಟುತ್ತದೆ. ಚಾಕಿಂಗ್ ಅನ್ನುವುದು ಇದಕ್ಕೇ.

"ಬಣ್ಣ ಹಾರಿಹೋಗಿದೆ" ಎಂದು ಎಲ್ಲರೂ ಹೇಳಿಬಿಡುತ್ತಾರೆ. ನೀಲಿಯ ಮಟ್ಟಿಗೆ ಅದು ಬಹುಪಾಲು ನಿಜ ಅಲ್ಲ. ನೀಲಿಗೆ ಸಾಮಾನ್ಯವಾಗಿ ಹಾಕುವ ಥಾಲೊ ಬ್ಲೂ ಪಿಗ್ಮೆಂಟ್ (ಬಣ್ಣದ ಪುಡಿ) ಬಿಸಿಲಿಗೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ನಿಜಕ್ಕೂ ಹಾರಿಹೋಗುವುದು ಕೆಲವು ಕೆಂಪು, ಹಳದಿಗಳು, ಅದಕ್ಕಿಂತ ಬೇಗ ಫ್ಲೋರೆಸೆಂಟ್ ಕಿತ್ತಳೆ. ನಿಮ್ಮ ನೀಲಿ ಅಲ್ಲೇ ಇದೆ, ಮೇಲೆ ಮುಸುಕು ಬಿದ್ದಿದೆ ಅಷ್ಟೇ.

ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಉಪ್ಪು ಹೋಗುವ ಹಾಗೆ ಸಿಹಿನೀರಿನಲ್ಲಿ ಒಂದು ಮೊಳ ಜಾಗ ತೊಳೆಯಿರಿ. ಒಣಗಲು ಬಿಡಿ. ಆಮೇಲೆ ಒದ್ದೆ ಬಟ್ಟೆಯಿಂದ ಅಡ್ಡಕ್ಕೆ ಒಂದು ಗೆರೆ ಎಳೆಯಿರಿ. ಬಟ್ಟೆ ಹೋದಲ್ಲೆಲ್ಲ ಕಡು ನೀಲಿ ಎದ್ದು ಬರುತ್ತದೆ. ಬಿಸಿಲಿದ್ದರೆ ನೋಡನೋಡುತ್ತಿದ್ದ ಹಾಗೆ ಗೆರೆಯ ಅಂಚು ಮೊದಲು ಒಣಗಿ ಬೆಳ್ಳಗಾಗುತ್ತದೆ, ನಡುವಿನ ನೀಲಿ ಪಟ್ಟಿ ಕಿರಿದಾಗುತ್ತಾ ಹೋಗಿ ಮಾಯವಾಗುತ್ತದೆ. ಒಣಗಿದ ಮುರಕಲ್ಲು ಮಳೆಗೆ ನೆಂದ ಕೂಡಲೇ ಗಾಢ ಕೆಂಪಾಗುತ್ತದಲ್ಲ, ಇದೂ ಅದೇ. ಒದ್ದೆಯಾದಾಗ ಬಣ್ಣ ವಾಪಸ್ ಬಂದರೆ ಪಿಗ್ಮೆಂಟ್ ಚೆನ್ನಾಗಿದೆ, ಮೇಲ್ಮೈ ಮಾತ್ರ ಒರಟಾಗಿದೆ. ಒದ್ದೆಯಾದರೂ ಮಂಕಾಗೇ ಇದ್ದರೆ ಬಣ್ಣ ನಿಜವಾಗಿಯೂ ಕೆಟ್ಟಿದೆ. ಹೋಲಿಸಿ ನೋಡಲು ಹಗ್ಗ ಕಟ್ಟುವ ಕ್ಲೀಟ್ ಒಂದನ್ನು ಬಿಚ್ಚಿ. ಅದರಡಿ ಬಿಸಿಲು ಕಾಣದ ಹಳೆಯ ಬಣ್ಣ ಹಾಗೇ ಇರುತ್ತದೆ.

ಇದು ಹೇಗೆ ಅಂತೀರಾ? ಯಾವುದೇ ರೆಸಿನ್ ಅಥವಾ ವಾರ್ನಿಷ್ ಮೇಲೆ ಬೆಳಕು ನೇರವಾಗಿ ಬಿದ್ದಾಗ ಶೇಕಡಾ 4ರಷ್ಟು ಒಳಗೆ ಹೋಗದೆ ಮೇಲಿನಿಂದಲೇ ವಾಪಸಾಗುತ್ತದೆ. ಈ 4 ಭಾಗಕ್ಕೆ ಬಣ್ಣ ಇಲ್ಲ, ಬಿಸಿಲು ಬೆಳ್ಳಗಿದ್ದರೆ ಅದೂ ಬೆಳ್ಳಗೆ. ಮೇಲ್ಮೈ ನುಣುಪಾಗಿದ್ದರೆ ಅದಷ್ಟೂ ಒಂದೇ ದಿಕ್ಕಿಗೆ ಹೋಗುತ್ತದೆ. ನೀವು ಆ ದಿಕ್ಕಿನಲ್ಲಿ ನಿಂತಿರದಿದ್ದರೆ ನಿಮಗೆ ಕಾಣುವುದು ಒಳಗಿನ ನೀಲಿ ಮಾತ್ರ. ಮೇಲ್ಮೈ ಒರಟಾದರೆ ಆ ಬಿಳಿ ಬೆಳಕು ಎಲ್ಲ ಕಡೆಗೂ ಚದುರಿ, ಎಲ್ಲಿ ನಿಂತರೂ ಕಣ್ಣಿಗೆ ಬೀಳುತ್ತದೆ. 4 ಅಂದರೆ ಸುಮ್ನೆ ಸ್ವಲ್ಪ ಅನ್ನಿಸಬಹುದು. ಕಡು ನೀಲಿ ತಾನಾಗಿ ವಾಪಸ್ ಕೊಡುವ ಬೆಳಕೇ ಅಷ್ಟು ಕಡಿಮೆ ಇರುವಾಗ ಈ ಬಿಳಿ ಸೇರಿದರೆ ಬಣ್ಣವೇ ಬದಲಾದ ಹಾಗೆ ಕಾಣುತ್ತದೆ. ಬಿಳಿ ಬೋಟಿನ ಮೇಲೂ ಚಾಕಿಂಗ್ ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಅಷ್ಟೇ. ಕಡು ಬಣ್ಣದ ಬೋಟು ಕೊಳ್ಳುವವರಿಗೆ ನಾನು ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳುವವರು ಕಡಿಮೆ.

ನಿಂತು ನೋಡುವ ಕೋನವೂ ಮುಖ್ಯ. ಎದುರಿಗೆ ನಿಂತು ನೋಡಿದರೆ ಮೈ ಬಣ್ಣ ಕಾಣುತ್ತದೆ. ಮೂತಿಯ ಹತ್ತಿರ ನಿಂತು ಉದ್ದಕ್ಕೆ ಓರೆಯಾಗಿ ನೋಡಿದರೆ ವಾಪಸಾಗುವ ಬೆಳಕು ತುಂಬಾ ಜಾಸ್ತಿ, ಆಗ ಕಾಣುವುದು ಆಕಾಶ ಮತ್ತು ನೀರಿನ ಬಣ್ಣ.

ಈಗ ಕೋಟಿಂಗ್ ವಿಷಯ. ಮೊದಲ ಔಷಧಿ ವಾಟರ್ ಪೇಪರ್ ಮತ್ತು ರಬ್ಬಿಂಗ್ ಕಾಂಪೌಂಡ್. ಸತ್ತ ಪದರ ಉಜ್ಜಿ ತೆಗೆದರೆ ಕೆಳಗಿನ ಗಟ್ಟಿ ಜೆಲ್‌ಕೋಟ್ ಬರುತ್ತದೆ, ಅದರ ಜೊತೆ ಬಣ್ಣವೂ. ಆದರೆ ಇರುವುದೇ ಅರ್ಧ ಮಿಲಿಮೀಟರ್. ಪ್ರತಿ ಸಲ ಉಜ್ಜಿದಾಗಲೂ ಸ್ವಲ್ಪ ಹೋಗುತ್ತದೆ. ಮೂಲೆ, ಅಂಚುಗಳಲ್ಲಿ ಮಷಿನ್ ಒತ್ತಿ ಹಿಡಿದರೆ ಜೆಲ್‌ಕೋಟ್ ತೂತಾಗಿ ಒಳಗಿನ ಫೈಬರ್ ಇಣುಕುತ್ತದೆ. ಅಂಚುಗಳನ್ನು ಕೈಯಲ್ಲೇ ಉಜ್ಜಿಸಿ. ಆಮೇಲೆ ವ್ಯಾಕ್ಸ್. ಅದು ಬಣ್ಣ ಕೊಡುವುದಿಲ್ಲ, ಸಣ್ಣ ಗೀರುಗಳನ್ನು ತುಂಬಿ ನುಣುಪು ಉಳಿಸುತ್ತದೆ. ನಮ್ಮ ಕರಾವಳಿಯ ಬಿಸಿಲು, ಉಪ್ಪಿನಲ್ಲಿ ಅದರ ಆಯಸ್ಸು ಕೆಲವೇ ತಿಂಗಳು. ಸೆರಾಮಿಕ್ ಕೋಟಿಂಗ್ ಹೆಚ್ಚು ಬಾಳುತ್ತದೆ. ಆದರೆ ಮಂಕಾದ ಮೈ ಮೇಲೆ ಹಾಕಿದರೆ ಆ ಮಂಕೇ ಗಟ್ಟಿಯಾಗಿ ಕೂರುತ್ತದೆ.

ಕ್ಲಿಯರ್ ಕೋಟ್ ಹೊಡೆಸಿದ ದಿನ ಬೋಟು ಹೊಸದರಂತೆ ಕಾಣುವುದು ಖಂಡಿತ. ಒದ್ದೆ ಬಟ್ಟೆ ಮಾಡಿದ ಕೆಲಸವನ್ನೇ ಅದು ಕಾಯಂ ಮಾಡುತ್ತದೆ. ಹಾಗಂತ ಪುಡಿ ಇರುವ ಮೈಗೆ ನೇರ ಹೊಡೆದರೆ ಕೆಲವು ತಿಂಗಳಲ್ಲಿ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಎಪಾಕ್ಸಿ ಕ್ಲಿಯರ್ ಹೊಡೆಯೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಎಪಾಕ್ಸಿ ನೀರಿಗೆ ಗಟ್ಟಿ, ಬಿಸಿಲಿಗೆ ಅಲ್ಲ. ಹಳದಿಯಾಗಿ ಪುಡಿ ಬಿಡುತ್ತದೆ. ಹಳದಿ ಪದರದ ಅಡಿಯ ನೀಲಿ ಹಸಿರಿಗೆ ತಿರುಗಿದ ಹಾಗೆ ಕಾಣುತ್ತದೆ. ಬೇಕಿದ್ದರೆ ಎರಡು ಡಬ್ಬದ ಪಾಲಿಯುರೆಥೇನ್, ಅದರಲ್ಲೂ ಅಲಿಫ್ಯಾಟಿಕ್ ಎಂದು ಬರೆದಿರುವುದನ್ನೇ ಕೇಳಿ. ಅರೋಮ್ಯಾಟಿಕ್ ಬಗೆ ಅಗ್ಗ, ಆದರೆ ಅದೂ ಹಳದಿಯಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಧಕ್ಕೆಗೆ ಉಜ್ಜಿಕೊಳ್ಳುವ ಬೋಟಿಗೆ ಕ್ಲಿಯರ್ ಕೋಟ್ ದಂಡ. ಒಂದು ಕಡೆ ಗೀರಿದರೆ ಅಲ್ಲಿ ಬಿಳಿ ಕಲೆ, ಅದನ್ನು ಸರಿಮಾಡುವುದು ಜೆಲ್‌ಕೋಟ್ ತೇಪೆಗಿಂತ ರಗಳೆ. ಇನ್ನೊಂದು ಮಾತು: ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಸಮಯದಲ್ಲೇ ಬೋಟುಗಳು ಮೇಲೆ ಬರುವುದು, ಪೇಂಟರುಗಳು ಆಗಲೇ ಬಿಜಿ. ಆದರೆ ಆ ತೇವದಲ್ಲಿ ಹೊಡೆದ ಪಾಲಿಯುರೆಥೇನ್ ಮಬ್ಬು ಹಿಡಿಯುತ್ತದೆ. ಮುಚ್ಚಿದ ಶೆಡ್ ಇಲ್ಲದಿದ್ದರೆ ಮಳೆ ಮುಗಿಯಲಿ.

ಹಿಂದಿನ ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಹಚ್ಚುತ್ತಿದ್ದರು. ಬಣ್ಣ ಕಪ್ಪು ಕಂದು, ಅದೊಂದೇ. ಶೇಡ್ ಬಗ್ಗೆ ಜಗಳವೇ ಇರಲಿಲ್ಲ!

ನೀರಿನ ಗೆರೆಯ ಹತ್ತಿರ ಹಸಿರು ಬಂದಿದೆ ಅಂತಲೂ ಬರೆದಿದ್ದೀರಿ. ತಳಕ್ಕೆ ಹೊಡೆಯುವ ಇಟ್ಟಿಗೆ ಕೆಂಪಿನ ಆಂಟಿಫೌಲಿಂಗ್ ಪೇಂಟಿನಲ್ಲಿ ಇರುವುದು ಹೆಚ್ಚಾಗಿ ಕ್ಯುಪ್ರಸ್ ಆಕ್ಸೈಡ್, ಅಂದರೆ ತಾಮ್ರದ ಒಂದು ರೂಪ. ಚಿಪ್ಪು, ಪಾಚಿ ಅಂಟದಂತೆ ತಡೆಯುವುದು ಅದೇ, ಆ ಕೆಂಪೂ ಅದರದ್ದೇ. ಒಮ್ಮೆ ನೀರು, ಒಮ್ಮೆ ಗಾಳಿ ತಾಗುವ ಕಡೆ ತಾಮ್ರ ಹಸಿರಾಗುತ್ತದೆ. ಎಲ್ಲ ಹಸಿರೂ ಪಾಚಿಯಲ್ಲ, ಬೆರಳಿನಿಂದ ಉಜ್ಜಿದಾಗ ಜಾರಿದರೆ ಮಾತ್ರ ಪಾಚಿ. ಬಿಳಿ ಅಥವಾ ತೆಳು ಬಣ್ಣದ ಆಂಟಿಫೌಲಿಂಗ್ ಬೇಕೆಂದರೆ ಅದಕ್ಕೆ ಬೇರೆ ತಾಮ್ರ, ಕ್ಯುಪ್ರಸ್ ಥಯೊಸಯನೇಟ್ ಬೇಕು. ಬೆಲೆಯೂ ಜಾಸ್ತಿ.

ಇನ್ನು ರಾತ್ರಿಯ ಕಪ್ಪು. ನಿಮ್ಮ ಧಕ್ಕೆಯಲ್ಲಿ ಇನ್ನೂ ಹಳದಿ ಸೋಡಿಯಂ ದೀಪ ಇರಬೇಕು. ಬಣ್ಣ ತೋರಿಸುವ ಅಳತೆಯಲ್ಲಿ ಬಿಸಿಲಿಗೆ 100 ಅಂಕ ಕೊಟ್ಟರೆ ರಸ್ತೆಯ ಸೋಡಿಯಂ ದೀಪಕ್ಕೆ ಸಿಗುವುದು 25ರ ಆಸುಪಾಸು. ಅದರ ಬೆಳಕಿನಲ್ಲಿ ಹಳದಿ, ಕಿತ್ತಳೆಯೇ ತುಂಬಿರುತ್ತದೆ, ನೀಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನೀಲಿ ಪಿಗ್ಮೆಂಟ್ ಹಳದಿಯನ್ನು ನುಂಗುತ್ತದೆ. ವಾಪಸ್ ಕೊಡಲು ನೀಲಿಯೇ ಬಂದಿಲ್ಲದಿರುವಾಗ ಅದು ಇನ್ನೇನು ಕೊಟ್ಟೀತು? ಎಲ್‌ಇಡಿ ಫ್ಲಡ್‌ಲೈಟ್ ಬಂದ ಕಡೆ ಅದೇ ಬೋಟು ನೀಲಿಯಾಗೇ ಕಾಣುತ್ತದೆ, ಕೆಲವೊಮ್ಮೆ ಬಿಸಿಲಿಗಿಂತ ಕಡುವಾಗಿ. ಕೆಂಪು ಪಟ್ಟಿಗೆ ಮಾತ್ರ ಅಗ್ಗದ ಎಲ್‌ಇಡಿಯಲ್ಲಿ ಕಳೆ ಇಲ್ಲ.

ಸೂರ್ಯನ ಬೆಳಕೂ ದಿನವಿಡೀ ಒಂದೇ ಅಲ್ಲ. ಎಲ್‌ಇಡಿ ಡಬ್ಬದ ಮೇಲೆ 6500ಕೆ ಎಂದು ಬರೆದಿರುತ್ತದಲ್ಲ, ಅದರಲ್ಲಿ ಅಂಕಿ ಹೆಚ್ಚಾದಷ್ಟು ಬೆಳಕು ನೀಲಿಗೆ, ಕಡಿಮೆಯಾದಷ್ಟು ಕೆಂಪಿಗೆ ವಾಲುತ್ತದೆ. ಆ ಲೆಕ್ಕದಲ್ಲಿ ನಡುಹಗಲಿನ ಬಿಸಿಲು ಸುಮಾರು 5500. ನೀಲಿ ಆಕಾಶದ ಬೆಳಕು ಮಾತ್ರ ಬೀಳುವ ನೆರಳಿನಲ್ಲಿ ಅದು 7000 ದಾಟುತ್ತದೆ. ಸೂರ್ಯ ಮುಳುಗುವಾಗ 3000ಕ್ಕಿಂತ ಕೆಳಗೆ. ಆಗ ನೀಲಿ ಬೋಟು ಬೂದಾಗುವುದು ಅದಕ್ಕೇ. ಸೂರ್ಯ ಮುಳುಗಿದ ಮೇಲೆ ಇನ್ನೊಂದು ಚಮತ್ಕಾರ: ಮಬ್ಬಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗಿ, ನೀಲಿ ಹೆಚ್ಚು ಹೊತ್ತು ಕಾಣುತ್ತದೆ. ಆಮೇಲೆ ಭಾರತದ ಕೊನೆಯ ವೈಸ್‌ರಾಯ್ ಆದ ಮೌಂಟ್‌ಬ್ಯಾಟನ್ 1940ರಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿದ್ದಾಗ, ನಸು ನೇರಳೆ ಮೈಯ ಹಡಗೊಂದು ಮುಸ್ಸಂಜೆಯಲ್ಲಿ ಬೇರೆಲ್ಲ ಹಡಗಿಗಿಂತ ಮೊದಲು ಮರೆಯಾಗಿದ್ದನ್ನು ಕಂಡು ತಮ್ಮ ಯುದ್ಧನೌಕೆಗಳಿಗೆ ಗುಲಾಬಿ ಬೂದು ಬಣ್ಣ ಹೊಡೆಸಿದರು. ಅದರಿಂದ ಎಷ್ಟು ಉಪಯೋಗ ಆಯಿತು ಎಂಬುದಕ್ಕೆ ಇವತ್ತಿಗೂ ವಾದ ನಡೆಯುತ್ತದೆ.

ನಿಮ್ಮ ತೇಪೆಗೆ ಬರೋಣ. ಅಂಗಡಿಯವರು ಟ್ಯೂಬ್‌ಲೈಟ್ ಕೆಳಗೆ ಬಣ್ಣ ಕಲಸಿ ಹೊಂದಿಸಿರುತ್ತಾರೆ. ಎರಡು ನೀಲಿಗಳಲ್ಲಿ ಪಿಗ್ಮೆಂಟ್ ಬೇರೆ ಬೇರೆ ಇದ್ದರೂ ಒಂದು ಬೆಳಕಿನಲ್ಲಿ ಒಂದೇ ಥರ ಕಾಣಬಹುದು, ಬಿಸಿಲಿಗೆ ಬಂದ ಕೂಡಲೇ ಬೇರೆಯಾಗುತ್ತವೆ. ಅದರ ಮೇಲೆ, ತೇಪೆ ಹೊಳೆಯುತ್ತದೆ, ಸುತ್ತಲಿನ ಮೈ ಮಂಕು. ಬಣ್ಣ ನೂರಕ್ಕೆ ನೂರು ಸರಿಯಿದ್ದರೂ ಇಷ್ಟೇ ಸಾಕು, ಎದ್ದು ಕಾಣಲು. ನೆಲದ ಮೇಲಿದ್ದಾಗ ಬೋಟಿನ ಹೊಟ್ಟೆಗೆ ಮಣ್ಣಿನಿಂದ ಪುಟಿದ ಕೆಂಪು ಛಾಯೆಯ ಬೆಳಕು ಬೀಳುತ್ತದೆ. ನೀರಿಗಿಳಿದ ಮೇಲೆ ನೀರಿನಿಂದ ಪುಟಿದ ಹಸಿರು ಛಾಯೆಯ ಬೆಳಕು, ಅದೂ ಅಲುಗಾಡುತ್ತಾ. ಆ ಕುಣಿಯುವ ಬೆಳಕಿನಲ್ಲಿ ಹೊಳಪಿನ ವ್ಯತ್ಯಾಸ ಇನ್ನಷ್ಟು ಎದ್ದು ಕಾಣುತ್ತದೆ. ನೀರಿಗಿಳಿಸಿದ ಮೇಲೆ ನಿಮ್ಮ ಕಣ್ಣಿಗೆ ಹೊಡೆದದ್ದು ಅದೇ ಅಂತ ನನ್ನ ಅಂದಾಜು.

ಹಾಗಾಗಿ ತೇಪೆಯನ್ನು ಈಗ ಕೀಳಿಸಬೇಡಿ. ಮೊದಲು ಅದರ ಸುತ್ತ ಎರಡು ಅಡಿ ಮೈಯನ್ನು ಕಾಂಪೌಂಡ್ ಹಾಕಿ ಉಜ್ಜಿಸಿ, ತೇಪೆಯ ಹೊಳಪಿಗೆ ತನ್ನಿ. ಆಮೇಲೆ ಎರಡು ಸಲ ನೋಡಿ: ಬೆಳಿಗ್ಗೆ ಹತ್ತರ ಹೊತ್ತಿಗೆ ಬಿಸಿಲಲ್ಲಿ, ಮತ್ತೆ ತೆರೆದ ನೆರಳಿನಲ್ಲಿ. ಎರಡರಲ್ಲೂ ಬೇರೆ ಕಂಡರೆ ಬಣ್ಣ ಕಲಸಿದ್ದೇ ತಪ್ಪು. ಆಗ ಹೊಸ ಜೆಲ್‌ಕೋಟ್ ಕಲಸುವಾಗ ಕ್ಲೀಟ್ ಅಡಿಯ ಬಣ್ಣಕ್ಕಲ್ಲ, ಉಜ್ಜಿ ಹೊಳಪು ಬಂದ ಈಗಿನ ಮೈಗೆ ಹೊಂದಿಸಲು ಹೇಳಿ, ಹೊರಗೆ ಬಿಸಿಲಿನಲ್ಲೇ. ಒಂದೇ ಬೆಳಕಿನಲ್ಲಿ ಮಾತ್ರ ಬೇರೆ ಕಂಡರೆ ಬಿಟ್ಟುಬಿಡಿ, ಅದರ ಹಿಂದೆ ಬಿದ್ದವರಿಗೆ ಕೊನೆ ಇಲ್ಲ.

ಇಡೀ ಬೋಟಿಗೆ ಬಣ್ಣ ಬದಲಿಸುವ ಯೋಚನೆ ಇದ್ದು, ಅದು ಮೀನುಗಾರಿಕೆಗೆ ನೋಂದಣಿಯಾದ ಬೋಟಾದರೆ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. 2008ರ ಮುಂಬೈ ದಾಳಿಯ ನಂತರ ದೂರದಿಂದಲೇ ಗುರುತು ಸಿಗಲಿ ಎಂದು ರಾಜ್ಯಕ್ಕೊಂದು ಬಣ್ಣದ ವ್ಯವಸ್ಥೆ ಬಂದಿದೆ. ಕೇರಳದ ಟ್ರಾಲ್ ಬೋಟುಗಳ ಮೈ ಕಡು ನೀಲಿ, ವೀಲ್‌ಹೌಸ್ (ಬೋಟು ನಡೆಸುವವರ ಕೋಣೆ) ಕಿತ್ತಳೆ ಇರುವುದು ಅದರಿಂದಲೇ. ಇನ್ನು, ಒದ್ದೆ ಬಟ್ಟೆಯ ಗೆರೆಯ ಫೋಟೋ ಇಲ್ಲಿ ಹಾಕುವುದಾದರೆ ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು ತೆಗೆಯಿರಿ. ಇಲ್ಲದಿದ್ದರೆ ಮೊಬೈಲ್ ತನಗೆ ತೋಚಿದ ನೀಲಿ ತೋರಿಸುತ್ತದೆ.