ಕಪ್ಪು ಬೆಲ್ಟ್‌ಗೆ ಕಂತು ಕಟ್ಟುವ ಮುನ್ನ

ಮೇಡಂ, ನಿಮ್ಮ ಎಂಟು ವರ್ಷದ ಮಗ ಒಂದೂವರೆ ವರ್ಷದಲ್ಲಿ ನಾಲ್ಕು ಬೆಲ್ಟ್ ದಾಟಿದ್ದಾನೆ, ಮುಂದಿನ ತಿಂಗಳ ಪರೀಕ್ಷೆಗೆ 2,500 ರೂಪಾಯಿ ಕೇಳಿದ್ದಾರೆ, ಇನ್ನೊಂದು ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಖಚಿತ ಎಂದು ಕರಾಟೆ ಮಾಸ್ಟರ್ ಹೇಳಿದ್ದಾರೆ, ಮುಂದುವರಿಸಲೇ ಬಿಡಿಸಲೇ ಎಂದು ಕೇಳಿದ್ದೀರಿ. ನಿಮಗೆ ಉತ್ತರಿಸಿದವರಲ್ಲಿ ಒಬ್ಬರು ‘ಎಲ್ಲವೂ ದಂಧೆ, ಗರಡಿಗೆ ಕಳಿಸಿ’ ಎಂದಿದ್ದಾರೆ. ಇನ್ನೊಬ್ಬರು ತಮ್ಮ ಕಾಲದ ಮಾಸ್ಟರ್‌ನ ಬೆತ್ತವನ್ನು ಭಕ್ತಿಯಿಂದ ನೆನೆದಿದ್ದಾರೆ. ನಾನು ಹದಿನಾರು ವರ್ಷ ಶೋಟೋಕಾನ್ ಶೈಲಿಯ ಕರಾಟೆ ಅಭ್ಯಾಸ ಮಾಡಿದವನು. ಅದರಲ್ಲಿ ಎರಡು ವರ್ಷ ಶಾಲೆಯೊಂದರ ತರಗತಿಯಲ್ಲಿ ಸಹಾಯಕನಾಗಿ ಕಲಿಸಿದ್ದೇನೆ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕಂಡದ್ದನ್ನು ಹೇಳುತ್ತೇನೆ.

ನಮ್ಮಲ್ಲಿ 40 ಮಕ್ಕಳಿದ್ದರು. ತಿಂಗಳಿಗೆ ತಲಾ 600 ರೂಪಾಯಿಯಂತೆ 24,000. ಜಾಗ ಕೊಟ್ಟದ್ದಕ್ಕೆ ಶಾಲೆ 9,600 ಇಟ್ಟುಕೊಳ್ಳುತ್ತಿತ್ತು, ನನಗೆ 4,000. ಮಾಸ್ಟರ್ ಕೈಗೆ ಬರುತ್ತಿದ್ದುದು 10,400. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಆದರೆ ನಾಲ್ಕು ತಿಂಗಳಿಗೊಮ್ಮೆ ಬೆಲ್ಟ್ ಪರೀಕ್ಷೆ, ತಲೆಗೆ 1,500. ಒಂದೇ ಭಾನುವಾರ 60,000! ಪ್ರಮಾಣಪತ್ರ, ಬೆಲ್ಟ್, ಮೇಲಿನ ಸಂಘದ ಪಾಲು ಎಲ್ಲ ಕಳೆದರೂ ಅರ್ಧಕ್ಕಿಂತ ಹೆಚ್ಚು ಉಳಿಯುತ್ತಿತ್ತು. ಅವರು ಕೆಟ್ಟವರೇನಲ್ಲ, ಮನೆ ಬಾಡಿಗೆ ಕಟ್ಟಬೇಕಾದ ಮನುಷ್ಯ. ಆದರೆ ಒಬ್ಬ ಹುಡುಗನನ್ನು ಫೇಲ್ ಮಾಡಿದರೆ ಅವನ ಜೊತೆ ಅವನ ಇಬ್ಬರು ಗೆಳೆಯರೂ ಈಜು ತರಗತಿಗೆ ಹೋಗಿಬಿಡುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಆ ಎರಡು ವರ್ಷಗಳಲ್ಲಿ ಒಬ್ಬರೂ ಫೇಲಾಗಲಿಲ್ಲ. 21 ಚಲನೆಗಳ ಹೈಯಾನ್ ಶೋದಾನ್ ಎಂಬ ಕಟಾವನ್ನು (ಗೊತ್ತುಪಡಿಸಿದ ಕ್ರಮದಲ್ಲಿ ಒಬ್ಬರೇ ಮಾಡುವ ಚಲನೆಗಳ ಸರಣಿ) ನಡುವೆಯೇ ಮರೆತು ಅಳುತ್ತ ನಿಂತ ಹುಡುಗನೊಬ್ಬನ ಸೊಂಟಕ್ಕೆ ಹೊಸ ಬೆಲ್ಟ್ ಕಟ್ಟಿದವನು ನಾನೇ. ಅವನಿಗೂ ಅದು ಸರಿಯೆನಿಸಿರಲಿಲ್ಲ, ತಲೆ ತಗ್ಗಿಸಿಯೇ ನಿಂತಿದ್ದ.

ಹೀಗಾಗಿ ಶುಲ್ಕ ಹೆಚ್ಚೋ ಕಡಿಮೆಯೋ ಎನ್ನುವುದಕ್ಕಿಂತ ಮಾಸ್ಟರ್‌ನ ಸಂಸಾರ ಯಾವ ಹಣದಲ್ಲಿ ನಡೆಯುತ್ತಿದೆ ಎಂದು ನೋಡಿ. ತಿಂಗಳ ಶುಲ್ಕ 1,500 ಇಟ್ಟು ಪರೀಕ್ಷೆಗೆ 300 ತೆಗೆದುಕೊಳ್ಳುವವರನ್ನು ನಾನು ನಂಬುತ್ತೇನೆ. ತಿಂಗಳಿಗೆ 400, ಪರೀಕ್ಷೆಗೆ 2,500 ಎನ್ನುವ ಕಡೆ ಮಗು ತೇರ್ಗಡೆಯಾಗುವುದು ಮೊದಲೇ ತೀರ್ಮಾನವಾಗಿರುತ್ತದೆ.

ಬೆಲ್ಟ್ ಬಗ್ಗೆ ನಮ್ಮಲ್ಲಿ ಇಲ್ಲದ ಭ್ರಮೆಯಿದೆ. ಅದು ಕರಾಟೆಯ ಸ್ವಂತ ಆಸ್ತಿಯೂ ಅಲ್ಲ. 1882ರಲ್ಲಿ ಜೂಡೋ ಶಾಲೆ ತೆರೆದ ಜಿಗೊರೊ ಕಾನೊ ಅವರ ದಾನ್ ಪದ್ಧತಿಯನ್ನು, ಅಂದರೆ ಕಪ್ಪು ಬೆಲ್ಟಿನ ದರ್ಜೆಗಳನ್ನು, ಓಕಿನಾವಾದಿಂದ ಟೋಕಿಯೋಗೆ ಬಂದ ಗಿಚಿನ್ ಫುನಾಕೋಶಿ 1924ರಲ್ಲಿ ಕರಾಟೆಗೆ ತಂದರು. ‘ಶೋದಾನ್’ ಎಂದರೆ ಮೊದಲ ಮೆಟ್ಟಿಲು. ಕಪ್ಪು ಬೆಲ್ಟ್ ಎಂದರೆ ಅಕ್ಷರಮಾಲೆ ಮುಗಿಯಿತು, ಇನ್ನು ಓದಲು ಕೂರಬಹುದು ಎಂದಷ್ಟೇ. ಕೊರಿಯಾದ ಟೇಕ್ವಾಂಡೋದವರು ಈ ವಿಷಯದಲ್ಲಿ ಜಾಣರು: 15 ತುಂಬದ ಮಕ್ಕಳಿಗೆ ಕೆಂಪು ಕಪ್ಪು ಎರಡೂ ಇರುವ ‘ಪೂಮ್’ ಬೆಲ್ಟ್ ಇಟ್ಟಿದ್ದಾರೆ. ಒಂಬತ್ತು ವರ್ಷದ ಮಗುವಿಗೆ ಬ್ಲ್ಯಾಕ್ ಬೆಲ್ಟ್ ಖಚಿತ ಎಂದು ಒಂದು ವರ್ಷ ಮೊದಲೇ ಹೇಳುವವರನ್ನು ಯಾವ ಜಾಣರ ಸಾಲಿಗೆ ಸೇರಿಸಬೇಕೋ ನೀವೇ ಹೇಳಿ.

ಗರಡಿಯ ಮಾತು ಎತ್ತಿದವರಿಗೆ ನನ್ನ ಅರ್ಧ ಒಪ್ಪಿಗೆ. ಮೈಸೂರಿನ ಗರಡಿಗಳಲ್ಲಿ ಬೆಲ್ಟ್ ಇಲ್ಲ, ಪ್ರಮಾಣಪತ್ರವಿಲ್ಲ. ಮಟ್ಟಿಯ ಮೇಲೆ ಬೆನ್ನು ತಾಗಿತೋ ಇಲ್ಲವೋ ಎನ್ನುವುದು ನೋಡುವವರೆಲ್ಲರ ಕಣ್ಣಿಗೂ ಕಾಣುತ್ತದೆ. ದಸರಾ ಕುಸ್ತಿಯಲ್ಲಿ ಯಾರೂ ಕಂತಿನಲ್ಲಿ ‘ದಸರಾ ಕೇಸರಿ’ ಆಗುವುದಿಲ್ಲ. ಆದರೆ ಗರಡಿ ಪುಕ್ಕಟೆ ಎನ್ನುವವರು ಒಬ್ಬ ಪೈಲ್ವಾನನ ಹಾಲು, ಬಾದಾಮಿ, ತುಪ್ಪದ ಖರ್ಚನ್ನು ಅವನ ತಂದೆಯ ಬಳಿ ಕೇಳಿ ನೋಡಲಿ. ಬೆತ್ತದ ಗುರುಗಳ ವಿಷಯ ಬೇಡವೇ ಬೇಡ. ಸಿಮೆಂಟ್ ನೆಲದ ಮೇಲೆ ಮುಷ್ಟಿ ಊರಿ ದಂಡ, ಮೈದಾನದ ಸುತ್ತ ಬಾತುಕೋಳಿ ನಡಿಗೆ ಎಲ್ಲವನ್ನೂ ನಾನೂ ಮಾಡಿದ್ದೇನೆ. ಈಗ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತೇನೆ.

ನೀವು ಮಾಡಬೇಕಾದದ್ದು ಇಷ್ಟು. ಒಂದು ದಿನ ಹೇಳದೆ ಹೋಗಿ ಪೂರ್ತಿ ತರಗತಿ ನೋಡಿ. ಮಕ್ಕಳು ಸಾಲಾಗಿ ನಿಂತು ಗಾಳಿಗೆ ಗುದ್ದುವುದನ್ನು ನೋಡಿ ಮರುಳಾಗಬೇಡಿ, ಅದು ಎಲ್ಲ ಕಡೆ ಚೆನ್ನಾಗಿಯೇ ಕಾಣುತ್ತದೆ. ಇಬ್ಬರು ಎದುರುಬದುರಾಗಿ ನಿಂತು, ಕೈಗೆ ಗ್ಲೌಸ್ ಹಾಕಿಕೊಂಡು, ಮೊದಲೇ ಹೇಳಿಕೊಡದ ಏಟನ್ನು ತಪ್ಪಿಸಿಕೊಳ್ಳುವ ಅಭ್ಯಾಸ ವಾರಕ್ಕೊಮ್ಮೆಯಾದರೂ ಇದೆಯೇ? ಈ ಪಾಠವನ್ನು ನಾನು ತಡವಾಗಿ ಕಲಿತೆ. ಆ ಕೆಲಸ ಬಿಟ್ಟು 26ನೇ ವಯಸ್ಸಿನಲ್ಲಿ ಬೇರೊಂದು ಡೋಜೋ (ಕರಾಟೆ ಶಾಲೆ) ಸೇರಿದಾಗ ಅಲ್ಲಿನ ಗುರುಗಳು ನನ್ನ ಕಪ್ಪು ಬೆಲ್ಟ್ ಬಿಚ್ಚಿಸಲಿಲ್ಲ. ಕಾಲೇಜು ಹುಡುಗನೊಬ್ಬನ ಎದುರು ನಿಲ್ಲಿಸಿದರು, ಅಷ್ಟೇ. ಅವನು ನನಗೆ ಗೊತ್ತಿದ್ದ ಕ್ರಮದಲ್ಲಿ ಗುದ್ದಲಿಲ್ಲ. ಮೂಗಿನ ರಕ್ತ ತೊಳೆದುಕೊಂಡು ಬಂದು ನಾನೇ ಬಿಳಿ ಬೆಲ್ಟ್ ಕೇಳಿ ಕಟ್ಟಿಕೊಂಡೆ.

ಕಳೆದ ಪರೀಕ್ಷೆಯಲ್ಲಿ ಎಷ್ಟು ಮಕ್ಕಳನ್ನು ‘ಇನ್ನೊಮ್ಮೆ ಬಾ’ ಎಂದು ಕಳಿಸಿದರು ಎಂದು ಕೇಳಿ. ಇಡೀ ವರ್ಷದ ಖರ್ಚನ್ನು, ಡ್ರೆಸ್, ಕ್ಯಾಂಪ್, ಟೂರ್ನಿ ಪ್ರವೇಶ ಶುಲ್ಕ ಸೇರಿಸಿ, ಕಾಗದದ ಮೇಲೆ ಬರೆಸಿಕೊಳ್ಳಿ. ಪದಕಗಳ ಫೋಟೊಗೆ ಬೆರಗಾಗಬೇಡಿ. ಕರಾಟೆಯಲ್ಲಿ ಸಾಮಾನ್ಯವಾಗಿ ಎರಡು ಕಂಚು ಕೊಡುತ್ತಾರೆ. ವಯಸ್ಸು, ತೂಕ, ಬೆಲ್ಟ್ ಎಂದು ಚೂರು ಚೂರು ಮಾಡಿ ಒಂದು ವಿಭಾಗಕ್ಕೆ ನಾಲ್ವರನ್ನು ಇಳಿಸಿದರೆ ನಾಲ್ವರಿಗೂ ಪದಕ. ಹೊಟ್ಟೆಯ ಮೇಲೆ ಬೈಕ್ ಹತ್ತಿಸಿಕೊಳ್ಳುವುದು, ಹಂಚು ಒಡೆಯುವುದು ವಾರ್ಷಿಕೋತ್ಸವಕ್ಕೆ ಚೆಂದ. ಹಂಚುಗಳ ನಡುವೆ ಪಟ್ಟಿ ಇಟ್ಟು ಸಂದು ಬಿಟ್ಟಿದ್ದರೆ ಮೇಲಿನದು ಮುರಿದು ಬಿದ್ದು ಕೆಳಗಿನದನ್ನೂ ಮುರಿಯುತ್ತ ಹೋಗುತ್ತದೆ. ಸಂದು ಬಿಡದೆ ಜೋಡಿಸಿ ಒಡೆಯಲು ಹೇಳಿದರೆ ಎಷ್ಟೋ ಮಂದಿಯ ಆರ್ಭಟ ಇಳಿಯುತ್ತದೆ.

ಈಗಲೇ ಬಿಡಿಸಬೇಡಿ. ನಿಮ್ಮ ಮಗ ತರಗತಿಗೆ ಖುಷಿಯಿಂದ ಹೋಗುತ್ತಾನೆ ಎಂದು ಬರೆದಿದ್ದೀರಿ, ಅದು ಸಣ್ಣ ವಿಷಯವಲ್ಲ. ಮಾಸ್ಟರ್ ಬಳಿ ಹೋಗಿ, ‘ಸರ್, ಈ ಸಲ ಪರೀಕ್ಷೆ ಬೇಡ, ಇನ್ನಾರು ತಿಂಗಳು ಇದೇ ಬೆಲ್ಟಿನಲ್ಲಿ ಗಟ್ಟಿಯಾಗಲಿ, ತಿಂಗಳ ಶುಲ್ಕ ತಪ್ಪಿಸುವುದಿಲ್ಲ’ ಎನ್ನಿ. ‘ಒಳ್ಳೆಯದೇ ಆಯಿತು’ ಎಂದರೆ ಕಣ್ಣುಮುಚ್ಚಿ ಅಲ್ಲೇ ಮುಂದುವರಿಸಿ. ಗೆಳೆಯರೆಲ್ಲ ಮುಂದೆ ಹೋಗುತ್ತಾರೆ, ಮಗುವಿನ ಮನಸ್ಸು ಮುರಿಯುತ್ತದೆ ಎಂದು ಶುರುಮಾಡಿದರೆ ಬೇರೆ ಜಾಗ ಹುಡುಕೋಣ. ಅವರು ಏನೆಂದರೆಂದು ಇಲ್ಲಿಯೇ ಬರೆಯಿರಿ, ಊರಿನ ಹೆಸರನ್ನೂ ತಿಳಿಸಿ.