ರಿಪೋರ್ಟ್ ನಾರ್ಮಲ್, ನೋವು ಮಾತ್ರ ನಿಜ

ಪ್ರಶ್ನೆ: ನನಗೆ 38 ವರ್ಷ. ಎರಡು ವರ್ಷದ ಹಿಂದೆ ಫೈಬ್ರೊಮಯಾಲ್ಜಿಯಾ ಅಂತ ಗೊತ್ತಾಯಿತು. ಮೈಯೆಲ್ಲ ನೋವು, ಎಷ್ಟು ಮಲಗಿದರೂ ಹೋಗದ ಸುಸ್ತು. ಆದರೆ ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ನಾರ್ಮಲ್. “ಭಾನುವಾರ ಇಡೀ ಮನೆ ಕ್ಲೀನ್ ಮಾಡಿದೆ, ಸೋಮವಾರ ಏಳೋಕೆ ಆಗಲ್ಲ ಅಂತೀಯಲ್ಲ” ಅಂತಾರೆ ಯಜಮಾನರು. ಕೆಟ್ಟವರಲ್ಲ, ಅವರಿಗೆ ಅರ್ಥವಾಗುತ್ತಿಲ್ಲ ಅಷ್ಟೆ. ಎಂಟು ವರ್ಷದ ಮಗಳಿದ್ದಾಳೆ. ಕೆಲಸ ಬಿಡುವ ಹಾಗಿಲ್ಲ. ಮನೆಯವರಿಗೆ ಹೇಗೆ ತಿಳಿಸಲಿ? ಆಫೀಸಿನಲ್ಲಿ ಹೇಳಬೇಕಾ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನನಗೂ ಇದೇ ಕಾಯಿಲೆ, 11 ವರ್ಷವಾಯಿತು.

ಮೊದಲು ಆ ‘ನಾರ್ಮಲ್’ ವಿಷಯ. ಈ ಕಾಯಿಲೆಯಲ್ಲಿ ನೋವಿನ ಸಂದೇಶವನ್ನು ಮಿದುಳು ಮತ್ತು ಬೆನ್ನುಹುರಿ ಜಾಸ್ತಿ ಮಾಡಿ ಕೇಳಿಸಿಕೊಳ್ಳುತ್ತವೆ. ಅದು ರಕ್ತದಲ್ಲಿ ಕಾಣುವುದಿಲ್ಲ. ಥೈರಾಯ್ಡ್, ಸಂಧಿವಾತದಂಥ ಬೇರೆ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳೋಕೆ ಆ ಪರೀಕ್ಷೆಗಳು. ಈ ಕಾಯಿಲೆ ಗುರುತಿಸೋಕೆ ಇದ್ದ 1990ರ ಮಾನದಂಡದಲ್ಲಿ ಮೈಮೇಲಿನ 18 ಜಾಗ ಒತ್ತಿ ನೋಡಿ, 11ರಲ್ಲಾದರೂ ನೋವಿರಬೇಕು ಅಂತಿತ್ತು. 2010ರಲ್ಲಿ ಬಂದ ಹೊಸ ಮಾನದಂಡದಲ್ಲಿ ಒತ್ತಿ ನೋಡುವುದನ್ನೇ ಬಿಟ್ಟರು. ನೋವು ಎಲ್ಲೆಲ್ಲಿದೆ, ಸುಸ್ತು ಎಷ್ಟು, ಬೆಳಗ್ಗೆ ಎದ್ದಾಗ ನಿದ್ದೆ ಆದ ಹಾಗೆ ಅನಿಸುತ್ತಾ, ಮರೆವು ಇದೆಯಾ ಅಂತ ಕೇಳುತ್ತಾರೆ. ಅಂದರೆ ಡಾಕ್ಟರೇ ನಿಮ್ಮ ಮಾತನ್ನು ನಂಬಿ ಕಾಯಿಲೆ ಗುರುತಿಸುತ್ತಾರೆ. ಮನೆಯಲ್ಲಿ ನೀವು ಹಿಂಜರಿಯಬೇಕಾಗಿಲ್ಲ.

ಆದರೆ ಒಂದು ಮಾತು ಕೇಳುತ್ತೇನೆ. ನೋವು ಬಂದಾಗ ನೀವು ಎಲ್ಲಿರುತ್ತೀರಿ? ನಾನಂತೂ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಒದ್ದೆ ಬೆಡ್‌ಶೀಟ್ ಹಿಂಡುತ್ತಿದ್ದಾಗ ಅರ್ಧಕ್ಕೇ ಕೈ ಸೋತುಹೋಯಿತು, ನೀರು ಮೊಣಕೈವರೆಗೂ ಇಳಿಯುತ್ತಿತ್ತು, ಬಟ್ಟೆ ಬಿಡೋಕೂ ಆಗದೆ ಹಿಂಡೋಕೂ ಆಗದೆ ಬಕೆಟ್ ಪಕ್ಕ ಕೂತುಬಿಟ್ಟೆ. ಅವತ್ತು ಬಾಗಿಲು ತೆರೆದಿತ್ತು. ನಮ್ಮ ಯಜಮಾನರು ಏನೂ ಮಾತಾಡದೆ ಬೆಡ್‌ಶೀಟ್ ತಗೊಂಡು ಹಿಂಡಿದರು. ಕಾಯಿಲೆ ಕಣ್ಣಿಗೆ ಕಾಣದ್ದು ನಿಜ, ಆದರೆ ಅರ್ಧ ನಾವೇ ಮುಚ್ಚಿಡುತ್ತೇವೆ, ಅಲ್ವಾ?

ಹೀಗೆ ಮಾಡಿ. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ದಿನಾ ಬೆಳಗ್ಗೆ ನೋವಿಗೆ ಹತ್ತಕ್ಕೆ ಎಷ್ಟು ಅಂತ ಬರೆಯಿರಿ, ಮಗಳ ಕೈಯಲ್ಲೇ ಬರೆಸಿ. ಪಕ್ಕದಲ್ಲಿ ಹಿಂದಿನ ದಿನ ಏನು ಕೆಲಸ ಮಾಡಿದಿರಿ ಅಂತ ಒಂದೇ ಸಾಲು. ಒಂದು ತಿಂಗಳಾಗುವಷ್ಟರಲ್ಲಿ ಭಾನುವಾರದ 3 ಸೋಮವಾರ 8 ಆಗುವುದು ನಿಮ್ಮ ಯಜಮಾನರಿಗೇ ಕಾಣುತ್ತದೆ. ನಿಮಗೂ ಕಾಣುತ್ತದೆ! ಚೆನ್ನಾಗಿದ್ದ ದಿನ ಬಾಕಿಯೆಲ್ಲ ಮುಗಿಸಿಬಿಡೋಣ ಅನ್ನುವ ಆಸೆ ಇದೆಯಲ್ಲ, ನಮ್ಮನ್ನು ಮಲಗಿಸುವುದೇ ಅದು. 20 ನಿಮಿಷ ಕೆಲಸ, ಆಮೇಲೆ ಕೂತುಕೊಳ್ಳಿ, ಸುಸ್ತಾಗುವ ಮೊದಲೇ. ಹಾಗಂತ ಪೂರ್ತಿ ಮಲಗಿಬಿಡಬೇಡಿ. ನಿಧಾನಕ್ಕೆ ಹೆಚ್ಚಿಸುತ್ತಾ ಹೋಗುವ ನಡಿಗೆ ಈ ಕಾಯಿಲೆಗೆ ನಿಜವಾಗಿ ಒಳ್ಳೆಯದು.

ಇನ್ನು ಮನೆಯಲ್ಲಿ “ಸ್ವಲ್ಪ ಸಹಾಯ ಮಾಡಿ” ಅನ್ನಬೇಡಿ. ಬಟ್ಟೆ ಕೆಲಸ ಅಂದರೆ ಒಗೆಯುವುದರಿಂದ ಮಡಚಿಡುವ ತನಕ ಅವರದೇ. ಅಂಗಿ ನೀವು ಮಡಚುವ ಹಾಗೆ ಮಡಚದಿದ್ದರೂ ಬಿಟ್ಟುಬಿಡಿ. ನನಗೆ ಇದು ಕಲಿಯೋಕೇ ಜಾಸ್ತಿ ಕಾಲ ಹಿಡಿಯಿತು.

ಆಫೀಸಿನಲ್ಲಿ ಎಲ್ಲರಿಗೂ ಹೇಳಬೇಕಿಲ್ಲ. ಮೇಲಿನವರೊಬ್ಬರಿಗೆ ಏನು ಬೇಕು ಅನ್ನುವುದನ್ನಷ್ಟೇ ಹೇಳಿ. “ಒಂದೇ ಕಡೆ ಕೂತರೆ ನೋವು ಜಾಸ್ತಿ, ಗಂಟೆಗೊಮ್ಮೆ ಐದು ನಿಮಿಷ ಓಡಾಡುತ್ತೇನೆ” ಅಂದರೆ ಸಾಕು. ಡಾಕ್ಟರ ಪತ್ರ ಕೈಯಲ್ಲಿರಲಿ.

ಕೀಲು ಊದಿದರೆ, ಜ್ವರ ಬಿಡದಿದ್ದರೆ, ತೂಕ ಇಳಿದರೆ ಅದೂ ಇದರದ್ದೇ ಅಂದುಕೊಳ್ಳಬೇಡಿ, ತೋರಿಸಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಯಜಮಾನರನ್ನು ಹೊರಗೆ ಕೂರಿಸಬೇಡಿ, ಒಳಗೆ ಕರೆದುಕೊಂಡು ಹೋಗಿ. ಆ ಕ್ಯಾಲೆಂಡರ್ ಅವರ ಕೈಯಲ್ಲೇ ಇರಲಿ.